ಕಾಗದದ ಮಕ್ಕಳು

ನಮ್ಮ ಸ್ಮೃತಿಕಾರರು ಪುತ್ರರಲ್ಲಿ ಹನ್ನೆರಡು ಬಗೆಯನ್ನು ಎಣಿಸಿದ್ದಾರೆ. ಧರ್ಮಪತ್ನಿಯಲ್ಲಿ ಹುಟ್ಟಿದ ಔರಸನಿಂದ ಮೊದಲ್ಗೊಂಡು, ವಿಧಿಪೂರ್ವಕವಾಗಿ ಪಡೆದ ದತ್ತಕ, ಹಣ ಕೊಟ್ಟು ಕೊಂಡ ಕ್ರೀತ, ಗುಣವನ್ನು ನೋಡಿ ಮಗನೆಂದು ಮಾಡಿಕೊಂಡ ಕೃತ್ರಿಮ, ತಾನಾಗಿಯೇ ಬಂದು ತನ್ನನ್ನು ಒಪ್ಪಿಸಿಕೊಂಡ ಸ್ವಯಂದತ್ತ ಎಂದು ಮುಂತಾಗಿ ಸಂಸಾರದಲ್ಲಿ ಸಂಭವಿಸಬಹುದಾದ ಸಂಬಂಧಗಳನ್ನೆಲ್ಲ ಊಹಿಸಿ, ಯಾರಿಗೆ ಪಿಂಡದ ಅಧಿಕಾರ, ಯಾರಿಗೆ ಆಸ್ತಿಯಲ್ಲಿ ಪಾಲು ಎಂಬುದನ್ನೂ ಅವರು ನಿರ್ಣಯಿಸಿಟ್ಟರು. ಹದಿಮೂರನೆಯ ಬಗೆಯೊಂದು ಉಂಟಾಗಬಹುದೆಂದು ಮಾತ್ರ ಅವರಿಗೂ ತೋಚಿರಲಿಲ್ಲ. ತಂದೆಯೆನಿಸಿಕೊಂಡವನು ಮಗನೆನಿಸಿಕೊಂಡವನನ್ನು ಜನ್ಮದಲ್ಲಿ ಕಂಡವನಲ್ಲ. ಮಗನಾದರೋ ತಂದೆಯ ಮನೆಯ ಹೆಂಚು, ಬಾವಿ, ಅಜ್ಜಿಯ ಹೆಸರು, ನೆರೆಮನೆಯವನ ಕಸುಬು ಎಲ್ಲವನ್ನೂ ಪಾಠ ಒಪ್ಪಿಸುವಂತೆ ಬಲ್ಲವನು. ಈ ಇಬ್ಬರ ನಡುವಣ ನಂಟಿಗೆ ಆಧಾರವಾಗಿ ನಿಂತದ್ದು ಸರ್ಕಾರದ ದಫ್ತರದಲ್ಲಿದ್ದ ಒಂದು ಸಾಲು ಬರೆವಣಿಗೆ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದ ಪಶ್ಚಿಮ ತೀರಕ್ಕೆ ಇಂಥ ಮಕ್ಕಳು ಸಾವಿರಗಟ್ಟಲೆಯಾಗಿ ಬಂದಿಳಿದರು. ಅಲ್ಲಿನ ಜನ ಅವರನ್ನು ಕಾಗದದ ಮಕ್ಕಳೆಂದು ಕರೆದರು. ಅವರನ್ನು ನಿಜವಾಗಿ ಹಡೆದ ತಾಯಿ, ಅಮೆರಿಕ ಸಂಯುಕ್ತ ಸಂಸ್ಥಾನದ ಕಾಂಗ್ರೆಸ್ಸು 1882ರಲ್ಲಿ ಅಂಗೀಕರಿಸಿದ ಚೀನೀಯರ ನಿಷೇಧದ ಶಾಸನ.

ಕಥೆಯ ಮೂಲ ಚಿನ್ನದಲ್ಲಿದೆ. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಒಂದು ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನದ ಹರಳುಗಳು ಸಿಕ್ಕವೆಂಬ ಸಮಾಚಾರವು ಹಡಗುಗಳ ಮೂಲಕ ಹಾಂಗ್‌ಕಾಂಗನ್ನು ಮುಟ್ಟಿದಾಗ, ಅದಕ್ಕೆ ಎಲ್ಲರಿಗಿಂತ ಮೊದಲು ಕಿವಿಗೊಟ್ಟವರು ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದವರು. ಅದರಲ್ಲಿಯೂ ಮುತ್ತಿನ ನದಿಯ ಪಶ್ಚಿಮಕ್ಕಿರುವ ನಾಲ್ಕು ಸೀಮೆಗಳವರು. ಆ ನಾಲ್ಕರಲ್ಲಿಯೂ ಮುಖ್ಯವಾಗಿ, ಈಗ ತೈಶಾನ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸೀಮೆಯವರು. ಗುಡ್ಡ ಹೆಚ್ಚು, ಗದ್ದೆ ಕಡಮೆ. ಬೆಳೆದ ಅಕ್ಕಿ ವರ್ಷದುದ್ದಕ್ಕೂ ಸಾಲದು. ಮೇಲಿಂದ ಮೇಲೆ ದಂಗೆಗಳು, ಮೂಲನಿವಾಸಿಗಳಿಗೂ ಹಕ್ಕ ಜನಕ್ಕೂ ವರ್ಷಾನುವರ್ಷ ನಡೆದ ಹೊಡೆದಾಟಗಳು. ಇಂಥ ನೆಲದಿಂದ ಗಂಡುಮಕ್ಕಳು ಹಡಗಿನ ಖರ್ಚನ್ನು ಸಾಲವಾಗಿ ಎತ್ತಿ, ದುಡಿದು ತೀರಿಸುವ ಕರಾರಿನ ಮೇಲೆ, ತಮ್ಮ ಮಾತಿನಲ್ಲಿ 'ಚಿನ್ನದ ಬೆಟ್ಟ' ಎನ್ನಿಸಿಕೊಂಡ ದೇಶಕ್ಕೆ ಹೊರಟರು. 1852ರ ಒಂದೇ ವರ್ಷದಲ್ಲಿ ಸುಮಾರು 20,000 ಮಂದಿ ಕ್ಯಾಲಿಫೋರ್ನಿಯಕ್ಕೆ ಬಂದರು. ಆ ವರ್ಷವೇ ಪರದೇಶಿ ಗಣಿಗಾರನು ತಿಂಗಳಿಗೆ 3 ಡಾಲರ್ ತೆರಬೇಕೆಂಬ ತೆರಿಗೆಯೂ ಬಂದಿತು. ಇನ್ನೆರಡು ವರ್ಷಕ್ಕೆ, ಬಿಳಿಯನ ವಿರುದ್ಧವಾಗಿ ಚೀನೀಯನು ನುಡಿಯುವ ಸಾಕ್ಷ್ಯ ನ್ಯಾಯಾಲಯದಲ್ಲಿ ಸಲ್ಲದೆಂದು ಆ ಸಂಸ್ಥಾನದ ಉಚ್ಚ ನ್ಯಾಯಪೀಠವು ತೀರ್ಪು ಕೊಟ್ಟಿತು. ಹಾಗಾಗಿ ತೆರಿಗೆ ವಸೂಲಿಗೆ ಬಂದವನು ಒಂದಕ್ಕೆರಡು ಕಿತ್ತುಕೊಂಡರೂ ಕೇಳುವವರಿಲ್ಲ.

ಆದರೂ ಅವರ ತೋಳಿನ ಅಗತ್ಯ ಆ ನಾಡಿಗೆ ಇದ್ದೇ ಇತ್ತು. ಸಿಯೆರಾ ನೆವಾಡ ಪರ್ವತಗಳನ್ನು ಕೊರೆದು ಪೂರ್ವಪಶ್ಚಿಮಗಳನ್ನು ಜೋಡಿಸುವ ರೈಲುಮಾರ್ಗದ ಕೆಲಸಕ್ಕೆ ಆಳುಗಳು ನಿಲ್ಲದಿದ್ದಾಗ, ಸೆಂಟ್ರಲ್ ಪೆಸಿಫಿಕ್ ಕಂಪನಿಯು 1865ರಲ್ಲಿ ಮೊದಲು ಐವತ್ತು ಮಂದಿ ಚೀನೀಯರನ್ನು ಪರೀಕ್ಷಾರ್ಥವಾಗಿ ತೆಗೆದುಕೊಂಡು, ಅವರ ಕೆಲಸವನ್ನು ಕಂಡು ಬೆರಗಾಗಿ, ಕೆಲವೇ ಕಾಲದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಸೇರಿಸಿಕೊಂಡಿತು. ಗ್ರಾನೈಟ್ ಶಿಲೆಯಲ್ಲಿ ಸುರಂಗವು ದಿನಕ್ಕೆ ಸುಮಾರು ಒಂದಡಿಯಷ್ಟು ಮಾತ್ರ ಮುಂದುವರಿಯುತ್ತಿದ್ದ ಜಾಗಗಳಲ್ಲಿ, ಹಿಮದಡಿಯಲ್ಲಿ ಹಾದಿಗಳನ್ನು ತೋಡಿಕೊಂಡು ಅವರು ಎರಡು ಚಳಿಗಾಲಗಳನ್ನು ಕಳೆದರು. 1867ರ ಜೂನ್‌ನಲ್ಲಿ ಬಿಳಿಯ ಆಳಿಗೆ ಸಮನಾದ ಸಂಬಳವನ್ನು ಕೇಳಿ ಮುಷ್ಕರ ಹೂಡಿದಾಗ, ಕಂಪನಿಯು ಬೆಟ್ಟದ ಮೇಲಕ್ಕೆ ಆಹಾರ ಹೋಗುವುದನ್ನು ನಿಲ್ಲಿಸಿ ಒಂದು ವಾರದಲ್ಲಿ ಅವರನ್ನು ಮಣಿಸಿತು. 1869ರ ಮೇ 10ರಂದು ರೈಲುಮಾರ್ಗ ಮುಗಿಯಿತು. ಕೆಲಸ ಕಳೆದುಕೊಂಡವರು ಸ್ಯಾಕ್ರಮೆಂಟೊ ನದಿಯ ಮುಖದಲ್ಲಿದ್ದ ಜೊಂಡಿನ ಜೌಗಿಗೆ ಏರಿ ಕಟ್ಟಿ ಅದನ್ನು ಹೊಲವಾಗಿಸಿದರು. ತೋಟಗಳಲ್ಲಿ ಹಣ್ಣು ಬಿಡಿಸಿದರು. ಊರುಗಳಲ್ಲಿ ಬಟ್ಟೆ ಒಗೆದರು, ಚುಟ್ಟಾ ಸುತ್ತಿದರು, ಬೂಟು ಹೊಲಿದರು. ಅಮೆರಿಕದಲ್ಲಿ ಇಂದಿಗೂ ಬಹಳವಾಗಿ ಬಿಕರಿಯಾಗುವ ಕಡುಗೆಂಪು ಚೆರಿಹಣ್ಣಿಗೆ ಬಿಂಗ್ ಎಂದು ಹೆಸರು; ಆರಿಗನ್ ಸಂಸ್ಥಾನದ ಒಂದು ತೋಟದಲ್ಲಿ ಆ ತಳಿ ಕುದುರಿದಾಗ ಅಲ್ಲಿ ಮೇಸ್ತ್ರಿಯಾಗಿದ್ದ ಆಹ್ ಬಿಂಗ್ ಎಂಬ ಚೀನೀಯನ ನೆನಪಿಗೆ ಅದನ್ನು ಇಟ್ಟರು. ಆತ ತನ್ನ ಊರನ್ನು ನೋಡಿ ಬರಲೆಂದು ಹೋದವನು, ನಿಷೇಧದ ದೆಸೆಯಿಂದ ಮತ್ತೆ ಹಿಂದಿರುಗಲಾಗಲಿಲ್ಲವೆಂದು ಹೇಳುತ್ತಾರೆ. ಹಣ್ಣು ಮಾತ್ರ ಅಲ್ಲಿಯೇ ಉಳಿಯಿತು.

1873ರಲ್ಲಿ ಅಮೆರಿಕದ ಬ್ಯಾಂಕುಗಳು ಮುರಿದು, ಕಾರ್ಖಾನೆಗಳು ನಿಂತು, ಕೆಲಸವಿಲ್ಲದವರು ಬೀದಿಗೆ ಬಂದಾಗ, ಆ ಸಂಕಟಕ್ಕೆ ಒಂದು ಮುಖ ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಮರಳು ಬಯಲುಗಳಲ್ಲಿ ಸಂಜೆಹೊತ್ತು ನೆರೆದ ಜನಕ್ಕೆ, ಚೀನೀಯರು ತೊಲಗಬೇಕೆಂದು ಭಾಷಣ ಮಾಡಿ ಖ್ಯಾತಿ ಗಳಿಸಿದ ಡೆನಿಸ್ ಕೀರ್ನಿಯು ಸ್ವತಃ ಐರ್ಲೆಂಡಿನಿಂದ ಬಂದಿಳಿದವನು. 1880ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಐದು ಕೋಟಿ. ಅದರಲ್ಲಿ ಚೀನೀಯರು 105,465, ಎಂದರೆ ಸಾವಿರಕ್ಕೆ ಇಬ್ಬರು. ಈ ಇಬ್ಬರಿಂದ ಉಳಿದ 998 ಮಂದಿಯ ಅನ್ನಕ್ಕೆ ಸಂಚಕಾರವುಂಟೆಂದು ಕಾಂಗ್ರೆಸ್ಸು ಒಪ್ಪಿಕೊಂಡಿತು. 1882ರ ಮೇ 6ರಂದು ಅಧ್ಯಕ್ಷ ಚೆಸ್ಟರ್ ಆರ್ಥರ್ ಸಹಿ ಮಾಡಿದ ಶಾಸನದ ಪ್ರಕಾರ, ಕುಶಲಿಯಾಗಲಿ ಅಲ್ಲದಿರಲಿ, ಕೂಲಿ ಮಾಡುವ ಚೀನೀಯನು ಹತ್ತು ವರ್ಷ ಕಾಲ ಆ ದೇಶವನ್ನು ಪ್ರವೇಶಿಸುವಂತಿಲ್ಲ. ವರ್ತಕರು, ಉಪಾಧ್ಯಾಯರು, ವಿದ್ಯಾರ್ಥಿಗಳು, ಪ್ರವಾಸಿಗಳು ಬರಬಹುದು. ಈಗಾಗಲೇ ನೆಲೆಸಿದವನು ರಹದಾರಿ ಪಡೆದು ಹೋಗಿ ಬರಬಹುದು. ಆದರೆ ಯಾವ ಚೀನೀಯನೂ ಪೌರತ್ವವನ್ನು ಪಡೆಯುವಂತಿಲ್ಲ. ಶಾಸನ ಬರುವ ವರ್ಷದಲ್ಲಿ ಬಂದವರು ಸುಮಾರು 40,000. 1887ರಲ್ಲಿ ವಲಸೆಗಾರರೆಂದು ಎಣಿಕೆಗೆ ಸಿಕ್ಕವರು 10. ಶಾಸನಕರ್ತರು ಇದನ್ನು ಯಶಸ್ಸೆಂದು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಯಶಸ್ಸು ಹಸಿವನ್ನು ತಣಿಸುವ ಬದಲು ಕೆರಳಿಸಿತು. 1885ರ ಸೆಪ್ಟೆಂಬರಿನಲ್ಲಿ ವಯೋಮಿಂಗ್ ಪ್ರದೇಶದ ರಾಕ್ ಸ್ಪ್ರಿಂಗ್ಸ್ ಎಂಬ ಕಲ್ಲಿದ್ದಲು ಊರಿನಲ್ಲಿ ಬಿಳಿಯ ಗಣಿಗಾರರು 28 ಮಂದಿ ಚೀನೀಯರನ್ನು ಕೊಂದು ಅವರ ಕೇರಿಯನ್ನು ಸುಟ್ಟರು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ರಹದಾರಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1888ರ ಅಕ್ಟೋಬರ್ 1ರಂದು ಜಾರಿಗೆ ಬಂದ ಮತ್ತೊಂದು ಶಾಸನವು, ಸರ್ಕಾರವೇ ತನ್ನ ಮುದ್ರೆಯೊತ್ತಿ ಕೊಟ್ಟಿದ್ದ ಮರುಪ್ರವೇಶದ ರಹದಾರಿಗಳನ್ನೆಲ್ಲ ಒಂದೇ ಏಟಿಗೆ ರದ್ದುಮಾಡಿತು. ಆ ಹೊತ್ತಿಗೆ ಊರಿಗೆ ಹೋಗಿದ್ದವರ ಬಳಿ ಇಂಥ ಸುಮಾರು 20,000 ಪತ್ರಗಳಿದ್ದವು. ನೂರಾರು ಮಂದಿ ಹಿಂದಿರುಗುವ ಹಡಗಿನಲ್ಲಿ ಸಮುದ್ರಮಧ್ಯದಲ್ಲಿದ್ದರು. ಅವರಲ್ಲಿ ಒಬ್ಬನಾದ ಚೇ ಚಾನ್ ಪಿಂಗ್ ಎಂಬಾತನು ಹನ್ನೆರಡು ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದುಡಿದವನು. ಅಕ್ಟೋಬರ್ 8ರಂದು ಹಡಗು ಬಂದರನ್ನು ಸೇರಿದಾಗ, ಕೈಯಲ್ಲಿದ್ದ ಪತ್ರಕ್ಕೆ ಒಂದು ವಾರದ ಹಿಂದೆ ಬೆಲೆ ಹೋಯಿತೆಂದು ಅವನಿಗೆ ತಿಳಿಸಿದರು. ಆತ ಸುಪ್ರೀಂ ಕೋರ್ಟಿನ ತನಕ ಹೋದನು. ತನ್ನ ಗಡಿಯೊಳಗೆ ಯಾರನ್ನು ಬಿಡಬೇಕೆಂಬುದು ಸಾರ್ವಭೌಮತ್ವಕ್ಕೆ ಸಹಜವಾದ ಅಧಿಕಾರ, ಕೊಟ್ಟ ಮಾತು ಅದಕ್ಕೆ ಅಡ್ಡಬಾರದು ಎಂಬ ಅರ್ಥದ ತೀರ್ಪು 1889ರಲ್ಲಿ ಬಂದಿತು. ಆ ತೀರ್ಪಿನ ನೆರಳು ಅಮೆರಿಕದ ವಲಸೆ ನ್ಯಾಯದ ಮೇಲೆ ಈಗಲೂ ಇದೆ. 1892ರ ಶಾಸನವಾದರೋ, ಒಳಗಿರುವ ಪ್ರತಿಯೊಬ್ಬ ಚೀನೀ ಕೂಲಿಕಾರನೂ ನಿವಾಸದ ಪತ್ರ ಪಡೆಯಬೇಕು, ಇಲ್ಲದವನು ದೇಶಭ್ರಷ್ಟನಾಗಬೇಕು, ಪತ್ರ ಪಡೆಯದಿರಲು ತಕ್ಕ ಕಾರಣವಿತ್ತೆಂದು ಹೇಳುವವನು ತಾನು ಇಲ್ಲಿನ ನಿವಾಸಿಯೆಂಬುದಕ್ಕೆ ಕೊನೆಯ ಪಕ್ಷ ಒಬ್ಬ ಬಿಳಿಯನ ಸಾಕ್ಷಿ ತರಬೇಕು ಎಂದು ವಿಧಿಸಿತು. ಸಮುದಾಯದ ಮುಖ್ಯಸ್ಥರ ಮಾತಿನಂತೆ ಬಹುಜನರು ನೋಂದಾಯಿಸಿಕೊಳ್ಳದೆ ಕುಳಿತರು. ಕೋರ್ಟು ಶಾಸನವನ್ನು ಎತ್ತಿಹಿಡಿದ ಮೇಲೆ, ಅಷ್ಟು ಮಂದಿಯನ್ನು ಹಿಡಿದು ಹಡಗು ಹತ್ತಿಸಲು ಬೊಕ್ಕಸದಲ್ಲಿ ಹಣವಿಲ್ಲವೆಂಬ ಸಂಗತಿ ಹೊರಬಿದ್ದು, ನೋಂದಣಿಗೆ ಇನ್ನಾರು ತಿಂಗಳ ಅವಧಿ ಕೊಡಬೇಕಾಯಿತು.

ಈ ಗಂಡಸರು ಹೆಂಡತಿಯರನ್ನು ಕರೆಸಿಕೊಳ್ಳುವ ಬಾಗಿಲೂ ಹೆಚ್ಚುಕಡಮೆ ಮುಚ್ಚಿತ್ತು. 1875ರ ಒಂದು ಕಾನೂನು, ವೇಶ್ಯಾವೃತ್ತಿಯನ್ನು ತಡೆಯುವ ನೆಪದಲ್ಲಿ, ಹಡಗು ಹತ್ತುವ ಚೀನೀ ಹೆಂಗಸರನ್ನೆಲ್ಲ ಶಂಕೆಯಿಂದ ಕಾಣುವಂತೆ ಮಾಡಿತ್ತು. 1882ರ ತರುವಾಯ ಹೆಂಡತಿಯ ಸ್ಥಾನಮಾನ ಗಂಡನನ್ನು ಅನುಸರಿಸಿದ್ದರಿಂದ ಕೂಲಿಕಾರನ ಹೆಂಡತಿಯೂ ಕೂಲಿಕಾರಳೆನಿಸಿದಳು. 1890ರ ಗಣತಿಯಲ್ಲಿ ಅಮೆರಿಕದಲ್ಲಿದ್ದ ಚೀನೀ ಗಂಡಸರು 103,620, ಹೆಂಗಸರು 3,868. ಹುಟ್ಟು ಕಡಮೆಯಾಗಿ, ಸಾವು ಮಾತ್ರ ತಪ್ಪದೆ, 1920ರ ಹೊತ್ತಿಗೆ ಚೀನೀಯರ ಒಟ್ಟು ಸಂಖ್ಯೆ 61,639ಕ್ಕೆ ಇಳಿದುಹೋಯಿತು.

ಕಾನೂನಿನಲ್ಲಿ ಉಳಿದ ಸಂದು ಒಂದೇ. ಅಮೆರಿಕದ ಮಣ್ಣಿನಲ್ಲಿ ಹುಟ್ಟಿದವನು ಯಾವ ಕುಲದವನಾದರೂ ಪ್ರಜೆಯೇ ಎಂದು 1898ರಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. ಆ ವ್ಯಾಜ್ಯದ ವಾದಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡಿಗೆಯವನು. ಪ್ರಜೆಯ ಮಗನು ಚೀನದಲ್ಲಿ ಹುಟ್ಟಿದರೂ ಪ್ರಜೆಯೇ. ಅಷ್ಟರಲ್ಲಿ 1906ರ ಏಪ್ರಿಲ್ 18ರಂದು ಭೂಕಂಪವಾಗಿ, ಹಿಂದೆಯೇ ಬೆಂಕಿ ಹತ್ತಿ, ಸ್ಯಾನ್ ಫ್ರಾನ್ಸಿಸ್ಕೊ ನಗರವು ಮೂರು ದಿನ ಉರಿಯಿತು. ಜನನದ ದಾಖಲೆಗಳು ಬೂದಿಯಾದವು. ಇನ್ನು ಮೇಲೆ, ತಾನು ಆ ಊರಿನಲ್ಲಿ ಹುಟ್ಟಿದವನೆಂದು ಹೇಳಿಕೊಂಡು ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿದವನನ್ನು ಸುಳ್ಳುಗಾರನೆನ್ನುವುದು ಅಧಿಕಾರಿಗೆ ಸುಲಭವಾಗಲಿಲ್ಲ. ಪ್ರಜೆಯಾದವನು ಊರಿಗೆ ಹೋಗಿ ಬಂದಾಗಲೆಲ್ಲ, ತನಗೆ ಒಂದು ಗಂಡುಮಗು ಹುಟ್ಟಿತೆಂದು ಕಚೇರಿಯಲ್ಲಿ ಬರೆಯಿಸುತ್ತಿದ್ದನು. ಹುಟ್ಟಿದ್ದು ಹೆಣ್ಣಾಗಿರಬಹುದು, ಏನೂ ಹುಟ್ಟದೆಯೂ ಇರಬಹುದು, ಬರೆಯಿಸಿದ್ದು ಗಂಡೇ. ಹದಿನೈದು ಹದಿನಾರು ವರ್ಷ ಕಳೆದ ಮೇಲೆ ಆ ಹೆಸರು ಮಾರಾಟಕ್ಕೆ ಯೋಗ್ಯವಾದ ಸರಕಾಗುತ್ತಿತ್ತು.

ವ್ಯಾಪಾರಕ್ಕೆ ತಕ್ಕ ವ್ಯವಸ್ಥೆಗಳೆಲ್ಲ ಬೆಳೆದವು. ಹಾಂಗ್‌ಕಾಂಗಿನಲ್ಲಿ ದಲ್ಲಾಳಿಗಳು, ದರ ಸಾಮಾನ್ಯವಾಗಿ ಹುಡುಗನ ವಯಸ್ಸಿನ ವರ್ಷಕ್ಕೆ 100 ಡಾಲರ್, ಬಂಧುಗಳಾದರೆ ರಿಯಾಯಿತಿ. ಹದಿನೈದು ವರ್ಷದ ಹುಡುಗನಿಗೆ 1,500 ಡಾಲರೆಂದರೆ, ಮನೆಯವರು ಗದ್ದೆ ಅಡವಿಟ್ಟು, ಗೋತ್ರದವರೆಲ್ಲರಿಂದ ಕೈಗಡ ಎತ್ತಿ ಕೂಡಿಸಬೇಕಾದ ಮೊತ್ತ. ಹುಡುಗನು ಬಟ್ಟೆ ಒಗೆಯುವ ಅಂಗಡಿಯಲ್ಲಿಯೋ ಹೋಟೆಲಿನ ಅಡಿಗೆಮನೆಯಲ್ಲಿಯೋ ನಿಂತು ಅದನ್ನು ತೀರಿಸುವಷ್ಟರಲ್ಲಿ ಅವನ ಯೌವನವು ಕಳೆದಿರುತ್ತಿತ್ತು. ಹಣದ ಜೊತೆಗೆ ಒಂದು ಪುಸ್ತಕ ಬರುತ್ತಿತ್ತು. ಅದರಲ್ಲಿ ಹೊಸ ತಂದೆಯ ಊರಿನ ನಕ್ಷೆ, ಮನೆಗಳ ಸಾಲು, ಕೊಟ್ಟಿಗೆಯ ದಿಕ್ಕು, ಅಜ್ಜ ಅಜ್ಜಿಯರ ಹೆಸರು, ಯಾರು ಯಾವ ವರ್ಷ ಸತ್ತರು, ಎಲ್ಲಿ ಹೂಳಿದರು, ಮದುವೆಗಳು ಯಾವ ಊರಿಗೆ ನಡೆದವು ಎಂಬುದೆಲ್ಲ ಪ್ರಶ್ನೋತ್ತರ ರೂಪದಲ್ಲಿ ಇರುತ್ತಿತ್ತು. ಹಡಗಿನಲ್ಲಿ ವಾರಗಟ್ಟಲೆ ಹುಡುಗನು ಅದನ್ನು ಕಂಠಪಾಠ ಮಾಡಿ, ಬಂದರು ಸಮೀಪಿಸಿದಾಗ ಹರಿದು ಸಮುದ್ರಕ್ಕೆ ಎಸೆಯುತ್ತಿದ್ದನು.

ಸಮುದ್ರದಾಚೆಗೆ ಏಂಜೆಲ್ ದ್ವೀಪ ಕಾದಿತ್ತು. ಮೊದಲು ಬಂದವರನ್ನು ಹಡಗುಕಟ್ಟೆಯ ಮೇಲಿದ್ದ ಒಂದು ಮರದ ಉಗ್ರಾಣದಲ್ಲಿ ಕೂಡಿಹಾಕುತ್ತಿದ್ದರು. ಅದು ನರಕಸದೃಶವೆಂದು ದೂರುಗಳು ಬಂದುವು. ಊರಿನ ಚೀನೀಯರು ಹೇಗೋ ಒಳಕ್ಕೆ ಸುದ್ದಿ ಮುಟ್ಟಿಸುತ್ತಾರೆಂಬ ಸಂಶಯವೂ ಅಧಿಕಾರಿಗಳಿಗಿತ್ತು. ಆದಕಾರಣ 1910ರ ಜನವರಿ 21ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನಡುವಣ ಈ ದ್ವೀಪದಲ್ಲಿ ಹೊಸ ಠಾಣೆ ತೆರೆಯಿತು. ಮೊದಲ ದರ್ಜೆಯ ಪ್ರಯಾಣಿಕರ ಕಾಗದಗಳನ್ನು ಹಡಗಿನಲ್ಲಿಯೇ ನೋಡಿ ಬಿಡುತ್ತಿದ್ದರು. ಮಿಕ್ಕವರನ್ನು, ಮುಖ್ಯವಾಗಿ ಏಷ್ಯದವರನ್ನು, ದೋಣಿಯಲ್ಲಿ ದ್ವೀಪಕ್ಕೆ ಒಯ್ಯುತ್ತಿದ್ದರು. ಮೊದಲು ವೈದ್ಯಪರೀಕ್ಷೆ, ಕೊಕ್ಕೆಹುಳು ಮೊದಲಾದುವುಗಳಿಗಾಗಿ ಮಲಪರೀಕ್ಷೆ, ಹುಳು ಇದ್ದರೆ ಚಿಕಿತ್ಸೆಯ ಖರ್ಚು ರೋಗಿಯದು. ಆ ಬಳಿಕ ಗಂಡಸರಿಗೊಂದು, ಹೆಂಗಸರಿಗೊಂದು ಬೀಗ ಹಾಕಿದ ಮಲಗುಮನೆ. ಒಂದರ ಮೇಲೊಂದು ಮೂರಂತಸ್ತಿನ ಕಬ್ಬಿಣದ ಮಂಚಗಳು. ಕಿಟಕಿಗೆ ತಂತಿಯ ಬಲೆ. ವಿಚಾರಣೆ ಮುಗಿಯುವ ತನಕ ಗಂಡಹೆಂಡಿರು ಪರಸ್ಪರ ಮಾತನಾಡುವಂತಿಲ್ಲ. ಅಟ್ಲಾಂಟಿಕ್ ತೀರದ ಎಲ್ಲಿಸ್ ದ್ವೀಪದಲ್ಲಿ ಯೂರೋಪಿಯನರು ಕೆಲವು ಗಂಟೆಗಳಲ್ಲಿ ಪಾರಾಗುತ್ತಿದ್ದರೆ, ಇಲ್ಲಿ ವಾರಗಳು, ತಿಂಗಳುಗಳು. ಒಬ್ಬ ಹೆಂಗಸು ಸುಮಾರು 600 ರಾತ್ರಿಗಳನ್ನು ಅಲ್ಲಿಯೇ ಕಳೆದಳು.

ವಿಚಾರಣೆಯ ಕೊಠಡಿಯಲ್ಲಿ ಇಬ್ಬರು ಅಧಿಕಾರಿಗಳು, ಒಬ್ಬ ಶೀಘ್ರಲಿಪಿಕಾರ, ಒಬ್ಬ ದುಭಾಷಿ. ಒಂದೇ ದುಭಾಷಿಯು ತಂದೆಗೂ ಮಗನಿಗೂ ನಡುವೆ ಸೂಚನೆ ಕೊಟ್ಟಾನೆಂಬ ಭಯದಿಂದ ಬೈಠಕ್ಕಿಗೊಮ್ಮೆ ಅವನನ್ನು ಬದಲಾಯಿಸುತ್ತಿದ್ದರು. ಪಾಟೀಸವಾಲು ಪ್ರಾರಂಭವಾಗುತ್ತಿತ್ತು: ನಿನ್ನ ಮನೆಯ ಬಾಗಿಲಿಗೆ ಎಷ್ಟು ಮೆಟ್ಟಿಲು? ನೆಲ ಮಣ್ಣಿನದೋ ಹೆಂಚಿನದೋ? ಅಕ್ಕಿಯ ಕೊಪ್ಪರಿಗೆ ಯಾವ ಕೋಣೆಯಲ್ಲಿದೆ? ಎರಡನೆಯ ಸಾಲಿನ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ನಾಯಿ ಸಾಕಿದ್ದಿರಾ? ಅದೇ ಪ್ರಶ್ನೆಗಳನ್ನು ತಂದೆಗೂ ಸಾಕ್ಷಿಗಳಿಗೂ ಬೇರೆ ಬೇರೆಯಾಗಿ ಕೇಳಿ, ಉತ್ತರಗಳನ್ನು ತಾಳೆ ನೋಡಿ, ಹೊಂದದ ಕಡೆ ಗುರುತು ಹಾಕುತ್ತಿದ್ದರು. ನಮ್ಮ ಹಳ್ಳಿಯ ಯಾವ ಸತ್ಯವಂತನನ್ನಾದರೂ ಎದುರಿಗೆ ನಿಲ್ಲಿಸಿ, ನಿನ್ನ ಸೋದರಮಾವನ ಮನೆಯ ಅಟ್ಟಕ್ಕೆ ಏಣಿಯ ಮೆಟ್ಟಿಲೆಷ್ಟು ಎಂದು ಕೇಳಿ ನೋಡಿದರೆ ಈ ಪರೀಕ್ಷೆಯ ಸ್ವರೂಪ ಗೊತ್ತಾಗುತ್ತದೆ. ನಿಜವಾದ ಮಗನು ಅಂಥದನ್ನು ಎಣಿಸಿರುವುದಿಲ್ಲ. ಎಣಿಸಿರುವವನು ಪುಸ್ತಕವನ್ನು ಓದಿ ಬಂದವನು. ಔರಸಪುತ್ರರು ತಬ್ಬಿಬ್ಬಾಗಿ ಸೋತು, ಕಾಗದದ ಪುತ್ರರು ನಿರರ್ಗಳವಾಗಿ ನುಡಿದು ಗೆದ್ದ ಪ್ರಸಂಗಗಳು ಒಂದೆರಡಲ್ಲ. ಕಡೆಗೆ ನಿಜವಾದ ತಂದೆಮಕ್ಕಳೂ ಪುಸ್ತಕ ಬರೆಯಿಸಿಕೊಂಡು ಕಂಠಪಾಠ ಮಾಡತೊಡಗಿದರು. ಅಂದರೆ, ಸತ್ಯವನ್ನು ಸುಳ್ಳಿನಿಂದ ಬೇರ್ಪಡಿಸಲೆಂದು ಕಟ್ಟಿದ ಈ ಯಂತ್ರವು ಸತ್ಯಕ್ಕೂ ಸುಳ್ಳಿನ ವೇಷವನ್ನೇ ತೊಡಿಸಿತು. ಪೌರತ್ವದ ತೀರ್ಪಿಗೆ ತನ್ನ ಹೆಸರನ್ನು ಕೊಟ್ಟ ಆ ವಾಂಗ್ ಕಿಮ್ ಆರ್ಕನ ಹಿರಿಯ ಮಗನು 1910ರಲ್ಲಿ ಬಂದಾಗ, ಅವನ ಉತ್ತರಗಳು ತಂದೆಯ ಉತ್ತರಗಳಿಗೆ ಹೊಂದಲಿಲ್ಲವೆಂದು ಅವನನ್ನು ಹಿಂದಕ್ಕೆ ಕಳುಹಿಸಿದರು.

ಬಂಧನದಲ್ಲಿದ್ದವನಿಗೆ ಹೊರಗಿನಿಂದ ಉತ್ತರ ಮುಟ್ಟಿಸಲು ದ್ವೀಪದ ಅಡಿಗೆಯವರು ನೆರವಾಗುತ್ತಿದ್ದರು. ಅವರು ರಜೆಯ ದಿನ ಊರಿಗೆ ಹೋಗಿ ಗೊತ್ತಾದ ಅಂಗಡಿಯಲ್ಲಿ ಚೀಟಿ ಪಡೆದು ತರುವರು. ಕಡಲೆಕಾಯಿಯ ಸಿಪ್ಪೆಯೊಳಗೆ, ಹಣ್ಣಿನ ಒಳಗೆ ಅದು ಊಟದ ಮೇಜಿಗೆ ಬರುವುದು. ಕಚೇರಿಯೊಳಗೂ ಶುದ್ಧಿಯಿರಲಿಲ್ಲ. 1917ರಲ್ಲಿ ವಾಷಿಂಗ್ಟನ್ನಿನಿಂದ ಬಂದ ತನಿಖೆಯು, ಕಡತಗಳನ್ನು ಕದ್ದು ಮಾರುವುದು, ಭಾವಚಿತ್ರಗಳನ್ನು ಬದಲಿಸುವುದು, ಲಂಚ ಪಡೆದು ಅನುಕೂಲ ಮಾಡಿಕೊಡುವುದು ಇವೆಲ್ಲ ಅಧಿಕಾರಿಗಳಲ್ಲಿ ಒಂದು ವೃತ್ತಿಯಾಗಿ ಬೆಳೆದಿದ್ದುದನ್ನು ಬಯಲಿಗೆಳೆಯಿತು; ಹಲವರ ಕೆಲಸ ಹೋಯಿತು. ಆದರೆ ಕೆಲಸ ಹೋಗಲು ಲಂಚವೇ ಬೇಕಿರಲಿಲ್ಲ. ಹೆಂಗಸರ ವಿಭಾಗದಲ್ಲಿ ದುಭಾಷಿಯಾಗಿದ್ದ ತೈ ಲ್ಯೂಂಗ್ ಎಂಬ ಚೀನೀ ತರುಣಿಯೂ ಚಾರ್ಲ್ಸ್ ಷುಲ್ಜೆ ಎಂಬ ಬಿಳಿಯ ಅಧಿಕಾರಿಯೂ ಒಬ್ಬರನ್ನೊಬ್ಬರು ಮೆಚ್ಚಿ, ಕ್ಯಾಲಿಫೋರ್ನಿಯದಲ್ಲಿ ಅಂಥ ವಿವಾಹ ಕಾನೂನಿಗೆ ವಿರುದ್ಧವಾದ್ದರಿಂದ ವಾಷಿಂಗ್ಟನ್ ಸಂಸ್ಥಾನಕ್ಕೆ ಹೋಗಿ 1913ರಲ್ಲಿ ಮದುವೆಯಾದರು. ಹಿಂದಿರುಗಿದಾಗ ಇಬ್ಬರಿಗೂ ಅಲ್ಲಿ ನಿಲ್ಲಲು ಸಾಧ್ಯವಾಗಲಿಲ್ಲ.

ಕಾಯುವವರು ಮರದ ಗೋಡೆಗಳ ಮೇಲೆ ಪದ್ಯಗಳನ್ನು ಬರೆದರು, ಚಾಕುವಿನಿಂದ ಕೊರೆದರು. ಅಧಿಕಾರಿಗಳು ಗೋಡೆ ಹಾಳಾಯಿತೆಂದು ಕೊರೆದ ಜಾಗಕ್ಕೆ ಮೆತ್ತುಗಾರೆ ತುಂಬಿ ಬಣ್ಣ ಬಳಿದರು. ಮೇಲೆ ಮತ್ತೆ ಕೊರೆದರು, ಮತ್ತೆ ಬಳಿದರು. ಆ ಬಣ್ಣವೇ ಮರವನ್ನು ಹುಳುಹಪ್ಪಟೆಯಿಂದ ಕಾಪಾಡಿದ್ದರಿಂದ, ಕಟ್ಟಡವನ್ನು ಕೆಡವಬೇಕೆಂದಿದ್ದ ಕಾಲದಲ್ಲಿ, 1970ರಲ್ಲಿ, ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನದ ಕಾವಲು ಅಧಿಕಾರಿಯ ಕೈದೀಪದ ಬೆಳಕಿಗೆ ಅಕ್ಷರಗಳು ಸಿಕ್ಕವು. ವಿಚಾರಣೆಯ ಕಡತಗಳೂ ಉಳಿದಿವೆ. ಮೊಮ್ಮಕ್ಕಳು ಇಂದು ಅವನ್ನು ತೆಗೆಸಿ ಓದುತ್ತಾರೆ. ತಮ್ಮ ಪೂರ್ವಿಕರ ಊರಿನ ಬಾವಿ ಎಲ್ಲಿತ್ತೆಂಬುದು ಅದರಲ್ಲಿ ಸಿಗುತ್ತದೆ. ಅದು ತಮ್ಮ ಪೂರ್ವಿಕರ ಊರೇ ಹೌದೇ ಎಂಬುದು ಸಿಗುವುದಿಲ್ಲ.

ಇಷ್ಟೆಲ್ಲ ಪ್ರಯಾಸದ ಫಲವೇನು? ದ್ವೀಪಕ್ಕೆ ಬಂದ ಚೀನೀಯರಲ್ಲಿ ಬಹುಪಾಲು ಮಂದಿ, ವಕೀಲರಿಗೆ ಹಣ ತೆತ್ತು, ಮೇಲ್ಮನವಿ ಹಾಕಿ, ಕಡೆಗೆ ಒಳಗೆ ಬಂದೇ ಬಂದರು. ತಡೆದದ್ದಕ್ಕಿಂತ ಸುಲಿದದ್ದು ಹೆಚ್ಚು. ಇನ್ನು ನಿಷೇಧದಿಂದ ಬಿಳಿಯ ಕೂಲಿಗೆ ಆದ ಲಾಭವನ್ನು ಹುಡುಕಹೋದರೆ ಅದೂ ನಿರಾಶೆಯೇ. ತೋಟಗಾರರಿಗೆ ಆಳು ಬೇಕೇ ಬೇಕು. ಚೀನೀಯರ ಜಾಗಕ್ಕೆ ಜಪಾನೀಯರು ಬಂದರು, 1907-08ರಲ್ಲಿ ಅವರನ್ನು ತಡೆದರು. ಪಂಜಾಬಿನವರು ಬಂದರು, 1917ರಲ್ಲಿ ಅವರನ್ನು ತಡೆದರು. ಫಿಲಿಪೈನ್ಸಿನವರು ಬಂದರು, 1934ರಲ್ಲಿ ವರ್ಷಕ್ಕೆ 50 ಮಂದಿಯೆಂದು ಮಿತಿ ಹಾಕಿದರು. ಪ್ರತಿ ಬಾರಿಯೂ ವಾದ ಅದೇ, ಅಂಕಿಗಳು ಮಾತ್ರ ಬೇರೆ. 2024ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಹಳೆಯ ಗಣತಿಪಟ್ಟಿಗಳನ್ನು ಆಧರಿಸಿ ಲೆಕ್ಕ ಹಾಕಿ, 1882ರ ಶಾಸನದಿಂದ ಪಶ್ಚಿಮದ ಸಂಸ್ಥಾನಗಳ ಕೈಗಾರಿಕೆಯು ಕುಗ್ಗಿತೆಂದೂ, ಕೆಲವು ಕಸುಬಿನವರನ್ನುಳಿದು ಬಿಳಿಯ ಕೆಲಸಗಾರರೇ ನಷ್ಟಕ್ಕೆ ಗುರಿಯಾದರೆಂದೂ, ಪೂರ್ವದಿಂದ ಬರಬೇಕಾದವರೂ ಬಾರದೆ ನಿಂತರೆಂದೂ ತೀರ್ಮಾನಿಸಿದ್ದಾರೆ. ಏರಿ ಕಟ್ಟುವವನೂ ಅಡಿಗೆ ಮಾಡುವವನೂ ಇಲ್ಲದ ಊರಿನಲ್ಲಿ ಬಡಗಿಗೂ ಕೆಲಸವಿರದೆಂಬುದು ಇದರ ತಾತ್ಪರ್ಯ. ಅದನ್ನು ತಿಳಿಯಲು 140 ವರ್ಷ ಬೇಕಾಗಿತ್ತೇ ಎಂದು ಕೇಳಬಹುದು.

ಅಮೆರಿಕದ ವರ್ತಕರಿಗೂ ಬಿಸಿ ತಟ್ಟದಿರಲಿಲ್ಲ. ನಿಷೇಧವನ್ನು ಪ್ರತಿಭಟಿಸಿ 1905ರಲ್ಲಿ ಶಾಂಘೈ ಮತ್ತು ಕ್ಯಾಂಟನ್ ನಗರಗಳಲ್ಲಿ ಅಮೆರಿಕದ ಸರಕುಗಳಿಗೆ ಬಹಿಷ್ಕಾರ ಹೂಡಿ, ಬಟ್ಟೆ, ಸೀಮೆಎಣ್ಣೆ ಮೊದಲಾದುವುಗಳು ಬಂದರಿನಲ್ಲಿಯೇ ಕೊಳೆಯುವಂತೆ ಮಾಡಿದರು. ಇದು ನಮ್ಮ ವಂಗಭಂಗದ ಸ್ವದೇಶಿ ಚಳವಳಿಯ ವರ್ಷವೇ ಎಂಬುದು ಗಮನಿಸತಕ್ಕ ಸಂಗತಿ. ಗಡಿಗಳ ಕಾವಲಿಗೂ ವೆಚ್ಚ ಏರಿತು. ಬಂದರು ಮುಚ್ಚಿದಾಗ ಚೀನೀಯರು ಮೆಕ್ಸಿಕೊದ ಮರುಭೂಮಿಯನ್ನು ದಾಟಿ ಬರತೊಡಗಿದರು. ಅವರನ್ನು ಹಿಡಿಯಲು ಕುದುರೆಯೇರಿದ ಕಾವಲುಗಾರರನ್ನು 1904ರಿಂದ ನೇಮಿಸಿದರು. ಅಮೆರಿಕದ ಗಡಿ ಕಾವಲು ಪಡೆ ವಿಧ್ಯುಕ್ತವಾಗಿ ಹುಟ್ಟಿದ್ದು ಇಪ್ಪತ್ತು ವರ್ಷಗಳ ಮೇಲೆ, 1924ರಲ್ಲಿ. ಉತ್ತರದಲ್ಲಿ ಕೆನಡದವರು ಬೇರೆ ಉಪಾಯ ಹೂಡಿದರು: ಒಳಗೆ ಬರುವ ಚೀನೀಯನು ತಲೆಗೆ ಇಷ್ಟೆಂದು ತೆರಬೇಕು, 1885ರಲ್ಲಿ 50 ಡಾಲರು, 1903ರ ಹೊತ್ತಿಗೆ 500. ಹೀಗೆ ಕೋಟಿಗಟ್ಟಲೆ ಹಣ ಬೊಕ್ಕಸಕ್ಕೆ ಬಂದ ಮೇಲೆ, 1923ರಲ್ಲಿ ಅವರೂ ಬಾಗಿಲು ಮುಚ್ಚಿದರು.

ಸಮುದ್ರದ ಆ ದಡದಲ್ಲಿ ಏನಾಯಿತೆಂಬುದು ಇಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಗುವುದಲ್ಲ. ತೈಶಾನ್ ಮತ್ತು ಕೈಪಿಂಗ್ ಸೀಮೆಗಳ ಹಳ್ಳಿಗಳಲ್ಲಿ ಹೆಂಗಸು ಮದುವೆಯಾಗಿ ಕೆಲವು ತಿಂಗಳು ಗಂಡನೊಡನಿದ್ದು, ಆಮೇಲೆ ಹತ್ತು ವರ್ಷಕ್ಕೊಮ್ಮೆ ಅವನ ಮುಖವನ್ನು ಕಾಣುವುದು ವಾಡಿಕೆಯಾಯಿತು. ಅತ್ತೆಯ ಸೇವೆ, ಮಕ್ಕಳ ಪಾಲನೆ, ಗದ್ದೆಯ ಮೇಲ್ವಿಚಾರಣೆ ಎಲ್ಲವೂ ಅವಳದು. ಮನೆಗೆ ಬರುತ್ತಿದ್ದುದು ಕಾಗದ ಮತ್ತು ಹಣ. ಆ ಹಣದಿಂದ ಎದ್ದ ಬಹುಮಹಡಿಯ ಕಾವಲುಗೋಪುರಗಳು, ಕಳ್ಳಕಾಕರಿಂದ ಹಣವಂತರ ಸಂಸಾರಗಳನ್ನು ಉಳಿಸಲೆಂದು ಕಟ್ಟಿದವು, ಕೈಪಿಂಗಿನ ಗದ್ದೆಗಳ ನಡುವೆ ಇಂದಿಗೂ ನಿಂತಿವೆ. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಜಪಾನೀಯರ ವಶವಾದಾಗ ಹಣ ಬರುವ ದಾರಿ ಕಡಿಯಿತು. ಅನಾವೃಷ್ಟಿಯೂ ಜೊತೆಗೂಡಿ, ಮುಂದಿನ ಎರಡು ವರ್ಷಗಳಲ್ಲಿ ತೈಶಾನಿನಲ್ಲಿ ಭೀಕರ ಕ್ಷಾಮವಾಯಿತು; ಅಮೆರಿಕದಲ್ಲಿ ಸಂಬಳ ಎಣಿಸುತ್ತಿದ್ದ ಗಂಡಸರ ಹೆಂಡಿರುಮಕ್ಕಳು ಹಸಿವಿನಿಂದ ಸತ್ತರು; ಮಕ್ಕಳನ್ನು ಮಾರಿಕೊಂಡವರೂ ಉಂಟು. ಗಂಡನೊಡನೆ ಬಂದಿಳಿಯುವ ಹಕ್ಕು ಆ ಹೆಂಗಸರಿಗೆ ಇದ್ದಿದ್ದರೆ, ಈ ಸಾವುಗಳಲ್ಲಿ ಹಲವನ್ನು ತಪ್ಪಿಸಬಹುದಾಗಿತ್ತು.

ನಮ್ಮವರನ್ನೂ ಇದೇ ದ್ವೀಪದಲ್ಲಿ ಇಳಿಸಿದರು. 1915ರಲ್ಲಿ ಪೆಷಾವರದಿಂದ ವೈಷ್ಣೋದಾಸ್ ಬಗಾಯ್ ಎಂಬವರು ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ, 25,000 ಡಾಲರ್ ಹಣವನ್ನು ಕೈಯಲ್ಲಿಟ್ಟುಕೊಂಡು, ಪರತಂತ್ರ ದೇಶದಲ್ಲಿ ಬಾಳಲೊಲ್ಲೆನೆಂದು ಬಂದರು. ಬರ್ಕ್ಲಿಯಲ್ಲಿ ಕೊಂಡ ಮನೆಯೊಳಕ್ಕೆ ನೆರೆಯವರು ಕಾಲಿಡಗೊಡಲಿಲ್ಲ. ಆದರೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿಯಿಟ್ಟು, 1921ರಲ್ಲಿ ಪೌರತ್ವ ಪಡೆದರು. ಎರಡು ವರ್ಷದಲ್ಲಿ, ಭಗತ್ ಸಿಂಗ್ ತಿಂದ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ಶಾಸನದ ದೃಷ್ಟಿಯಿಂದ ಬಿಳಿಯರಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೊಟ್ಟ ಪೌರತ್ವವನ್ನು ಸರ್ಕಾರ ಹಿಂದಕ್ಕೆ ಕಿತ್ತುಕೊಂಡಿತು. ಅನ್ಯರು ನೆಲ ಹೊಂದಬಾರದೆಂಬ ಕಾನೂನಿನಿಂದ ಅವರು ಆಸ್ತಿಯನ್ನು ಕಳೆದುಕೊಂಡರು. ಭಾರತಕ್ಕೆ ಹೋಗಿ ಬರಲೆಂದು ಕೇಳಿದ ರಹದಾರಿಯನ್ನೂ ಅಮೆರಿಕ ನಿರಾಕರಿಸಿತು. ತಾನು ಬಿಟ್ಟು ಬಂದ ಬ್ರಿಟಿಷ್ ರಾಜನ ಪ್ರಜೆಯಾಗಿ ಮತ್ತೆ ನಿಲ್ಲಲೊಲ್ಲದೆ, 1928ರ ಮಾರ್ಚಿನಲ್ಲಿ ಅವರು ಅನಿಲದ ಕೊಳವೆಯನ್ನು ತೆರೆದಿಟ್ಟು ಪ್ರಾಣಬಿಟ್ಟರು. ಕಾರಣವನ್ನು ಪತ್ರಿಕೆಗೆ ಬರೆದ ಕಾಗದದಲ್ಲಿ ವಿವರಿಸಿದ್ದರು.

1940ರಲ್ಲಿ ಬೆಂಕಿ ಬಿದ್ದು ದ್ವೀಪದ ಠಾಣೆ ಮುಚ್ಚಿತು. ಜಪಾನಿನ ವಿರುದ್ಧ ಚೀನವು ಮಿತ್ರರಾಷ್ಟ್ರವಾದಾಗ, ಮಿತ್ರನ ಮಕ್ಕಳನ್ನು ಕುಲದ ಹೆಸರಿನಲ್ಲಿ ಬಾಗಿಲಲ್ಲಿ ತಡೆಯುವುದು ಅಸಹ್ಯವಾಗಿ ಕಂಡಿತು. 1943ರ ಡಿಸೆಂಬರ್ 17ರಂದು ರೂಸ್ವೆಲ್ಟರು ನಿಷೇಧವನ್ನು ರದ್ದುಪಡಿಸಿದರು. ಔದಾರ್ಯಕ್ಕೆ ಮಿತಿಯಿತ್ತು: ವರ್ಷಕ್ಕೆ 105 ಮಂದಿ. ಭಾರತೀಯರಿಗೆ 1946ರಲ್ಲಿ 100. ಕುಲವನ್ನು ನೋಡಿ ಎಣಿಸುವ ಈ ಪದ್ಧತಿ ತೊಲಗಲು 1965 ಬರಬೇಕಾಯಿತು.

ಕಾಗದದ ಮಕ್ಕಳ ಪಾಡು ಅಲ್ಲಿಗೆ ಮುಗಿಯಲಿಲ್ಲ. ಚೀನದಲ್ಲಿ ಕಮ್ಯೂನಿಸ್ಟ್ ಸರ್ಕಾರ ಬಂದ ಮೇಲೆ, ಸುಳ್ಳು ಹೆಸರಿನ ಹಾದಿಯಲ್ಲಿ ಗೂಢಚಾರರು ನುಗ್ಗಿಯಾರೆಂಬ ಶಂಕೆ ಹುಟ್ಟಿ, 1956ರಿಂದ ಸರ್ಕಾರವು ತಪ್ಪೊಪ್ಪಿಗೆಯ ಯೋಜನೆಯೊಂದನ್ನು ನಡೆಸಿತು. ನಿಜವಾದ ಹೆಸರನ್ನು ಹೇಳಿಕೊಂಡವನ ಸ್ಥಿತಿಯನ್ನು ಸರಿಪಡಿಸಲು ಯತ್ನಿಸಲಾಗುವುದು ಎಂಬ ಆಶ್ವಾಸನೆಯಿತ್ತು, ಖಾತರಿಯಿರಲಿಲ್ಲ. ಒಬ್ಬನು ಒಪ್ಪಿಕೊಂಡರೆ ಅವನ ಕಾಗದದ ತಂದೆ, ಕಾಗದದ ಅಣ್ಣತಮ್ಮಂದಿರು, ಅವರ ಮಕ್ಕಳು ಎಲ್ಲರೂ ಬಯಲಿಗೆ ಬೀಳುವರು. ಆದುದರಿಂದ ಒಂದೊಂದು ಒಪ್ಪಿಗೆಯ ಹಿಂದೆಯೂ ತಿಂಗಳುಗಟ್ಟಲೆ ಮನೆಜಗಳ ನಡೆಯುತ್ತಿತ್ತು. ಸುಮಾರು 14,000 ಮಂದಿ ಒಪ್ಪಿಕೊಂಡರು. ಅವರ ಬಾಯಿಂದ ಸಿಕ್ಕಿಬಿದ್ದವರು ಅದಕ್ಕಿಂತ ಹೆಚ್ಚು. ಎಡಪಂಥೀಯರೆಂದು ಗುರುತಾಗಿದ್ದವರ ವಿಷಯದಲ್ಲಿ ಈ ಒಪ್ಪಿಗೆಯೇ ಗಡೀಪಾರಿಗೆ ಸಾಧನವಾಯಿತು. ಒಪ್ಪಿಕೊಂಡವರಲ್ಲಿ ಕೆಲವರು ಹುಟ್ಟಿದ ಮನೆತನದ ಹೆಸರನ್ನು ಮತ್ತೆ ಧರಿಸಿದರು. ಹಲವರು ಧರಿಸಲಿಲ್ಲ: ಅಂಗಡಿಯ ಪರವಾನಗಿ, ಮನೆಯ ಕ್ರಯಪತ್ರ, ಸೈನ್ಯದಲ್ಲಿ ಸೇವೆ ಮಾಡಿದ ದಾಖಲೆ, ಮಕ್ಕಳ ಶಾಲೆಯ ಹಾಜರಿ ಎಲ್ಲವೂ ಕೊಂಡ ಹೆಸರಿನಲ್ಲಿಯೇ ಇದ್ದವು. ಅಂಥ ಮನೆಗಳಲ್ಲಿ ಇಂದಿಗೂ ಅಣ್ಣನಿಗೊಂದು ಮನೆತನದ ಹೆಸರು, ತಮ್ಮನಿಗೊಂದು. ಮದುವೆಯ ಮಾತು ಬಂದಾಗ, ಸಗೋತ್ರ ತಪ್ಪಿಸಬೇಕಾದರೆ ಇವೆರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ಹಿರಿಯರನ್ನು ಕೇಳಿಯೇ ಮುಂದುವರಿಯುತ್ತಾರೆ.